ಸೋಷಿಯಾಲಜಿ ಓದಿ ಡಾಕ್ಟರ್ ಆಗಬಹುದಾ?

ಅಮೆರಿಕದ ಕಾಲೇಜಿನಲ್ಲಿ ಓದುತ್ತಿರುವ ಮಗಳಿಗೆ ಯಾವ ಗ್ರೇಡು ಬಂದಿದೆ ಅಂತ ಅಪ್ಪ ಫೋನ್ ಮಾಡಿ ಕೇಳಿದರೆ ಕಾಲೇಜಿನವರು ಹೇಳುವುದಿಲ್ಲ. "ಫೀಸು ಕಟ್ಟೋನು ನಾನು" ಅಂದರೂ ಹೇಳುವುದಿಲ್ಲ. 1974ರಲ್ಲಿ ಬಂದ ಫರ್ಪಾ ಅನ್ನುವ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದ ಮೇಲೆ ಆ ದಾಖಲೆಯ ಹಕ್ಕು ವಿದ್ಯಾರ್ಥಿಯದು. ಅವಳು ಬರೆದು ಒಪ್ಪಿಗೆ ಕೊಡದಿದ್ದರೆ ಹೆಚ್ಚಿನ ಕಾಲೇಜುಗಳು ಬಾಯಿ ಬಿಡುವುದಿಲ್ಲ. ಊರಲ್ಲಿ ಪಿಯುಸಿ ರಿಸಲ್ಟ್ ಬಂದ ದಿನ ಪಕ್ಕದ ಮನೆಯವರಿಗೂ ರಿಜಿಸ್ಟರ್ ನಂಬರ್ ಗೊತ್ತಿರುತ್ತಿದ್ದ ಕಾಲದಿಂದ ಬಂದವರಿಗೆ ಇದು ಅರಗುವುದೇ ಇಲ್ಲ.

ಹಾಗಾಗಿ ಇಲ್ಲಿನ ನಮ್ಮ ಮನೆಗಳಲ್ಲಿ ಸುದ್ದಿ ಹೊರಗೆ ಬರುವುದು ತಡವಾಗಿ. ಯುಗಾದಿ ಊಟದಲ್ಲಿ "ಮಗಳು ಏನ್ ಓದ್ತಿದ್ದಾಳೆ?" ಅಂತ ಕೇಳಿದರೆ "ಪ್ರಿಮೆಡ್" ಅಂತ, ಅಂದರೆ ಮೆಡಿಕಲ್‌ಗೆ ತಯಾರಿ ಅಂತ ಉತ್ತರ ಬರುತ್ತದೆ. ಒಂದು ವರ್ಷ ಅದೇ ಉತ್ತರ, ಎರಡನೇ ವರ್ಷವೂ ಅದೇ. ಎರಡನೇ ವರ್ಷದ ಕೊನೆಗೆ ಮೇಜರ್ ಡಿಕ್ಲೇರ್ ಮಾಡಬೇಕು, ಅಂದರೆ ಯಾವ ವಿಷಯದಲ್ಲಿ ಡಿಗ್ರಿ ಅಂತ ಬರೆದುಕೊಡಬೇಕು. ಆಗ ಗಂಟು ಬಿಚ್ಚಿಕೊಳ್ಳುತ್ತದೆ.

ನಮ್ಮ ಅಕ್ಕನ ಮನೆಯಲ್ಲೂ ಹಾಗೇ ಆಯಿತು. ನಾನು ಇಲ್ಲಿ ಮಿಡ್‌ವೆಸ್ಟಿನ ಒಂದು ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಲ್ಯಾಬ್ ಕಲಿಸುತ್ತೇನೆ. ಪ್ರತಿ ಸೆಮಿಸ್ಟರೂ ನನ್ನ ಲ್ಯಾಬಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಪ್ರಿಮೆಡ್. ಆದ್ದರಿಂದ ಅಕ್ಕನ ಮಗಳು ಅಪ್ಪ ಅಮ್ಮನಿಗೆ ಹೇಳುವ ಮೊದಲು ನನಗೆ ಹೇಳಿದಳು. ಟ್ರಾನ್ಸ್‌ಕ್ರಿಪ್ಟನ್ನು ಲ್ಯಾಪ್‌ಟಾಪಿನಲ್ಲಿ ತೆಗೆದು ನನ್ನ ಕಡೆ ತಿರುಗಿಸಿ, "ಚಿಕ್ಕಮ್ಮ, ಬಯಾಲಜಿ ಬಿಟ್ಟು ಸೋಷಿಯಾಲಜಿ ತಗೊಳ್ತೀನಿ, ಅಪ್ಪನಿಗೆ ನೀನೇ ಹೇಳು" ಅಂದಳು.

ಒಟ್ಟು ಜಿಪಿಎ, ಅಂದರೆ ಎಲ್ಲ ಗ್ರೇಡುಗಳ ಸರಾಸರಿ, 4ಕ್ಕೆ 2.8. ಕೆಮಿಸ್ಟ್ರಿ ಮೊದಲ ಭಾಗದಲ್ಲಿ ಸಿ, ಎರಡನೆಯದರಲ್ಲಿ ಸಿ ಮೈನಸ್. ಬಯಾಲಜಿಯಲ್ಲಿ ಬಿ ಮೈನಸ್. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಇನ್ನೊಂದು ಸಿ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎ, ಆರೋಗ್ಯ ಮತ್ತು ಸಮಾಜ ಅನ್ನುವ ಸೋಷಿಯಾಲಜಿ ಕೋರ್ಸಿನಲ್ಲೂ ಎ.

ಊರಿನವರಿಗೆ ಇಲ್ಲಿನ ಕ್ರಮ ಸ್ವಲ್ಪ ಹೇಳಬೇಕು. ಇಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರುವ ದಾರಿ ಇಲ್ಲ. ಮೊದಲು ನಾಲ್ಕು ವರ್ಷದ ಯಾವುದಾದರೂ ಡಿಗ್ರಿ. ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ಅದಾದ ಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ ಅನ್ನುವ ಆಸ್ಪತ್ರೆಯ ತರಬೇತಿ. ಪ್ರಿಮೆಡ್ ಅಂತ ಡಿಗ್ರಿ ಸಾಮಾನ್ಯವಾಗಿ ಇರುವುದಿಲ್ಲ. ಮೆಡಿಕಲ್ ಸ್ಕೂಲಿಗೆ ಬೇಕಾದ ಕೋರ್ಸುಗಳ ಪಟ್ಟಿಗೆ ಆ ಹೆಸರು, ಅಷ್ಟೇ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್ ಇವು ಲ್ಯಾಬಿನ ಜೊತೆ. ಬಯೋಕೆಮಿಸ್ಟ್ರಿ, ಇಂಗ್ಲಿಷ್, ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್. ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಹೆಚ್ಚುಕಮ್ಮಿ. ಇಷ್ಟು ಮುಗಿಸಿದರೆ ಡಿಗ್ರಿ ಸಂಗೀತದಲ್ಲಿದ್ದರೂ ಅರ್ಜಿ ಹಾಕಬಹುದು.

ಇದು ನಿಜವಾ ಅಂತ ಭಾವ ನನ್ನನ್ನು ಬಹಳ ಸಲ ಕೇಳಿದ್ದಾರೆ. ನಿಜ. ಹೆರಾಲ್ಡ್ ವಾರ್ಮಸ್ ಅನ್ನುವವರು ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಹಾರ್ವರ್ಡಿನಲ್ಲಿ ಎಂಎ ಕೂಡ ಅದರಲ್ಲೇ. ಹಾರ್ವರ್ಡ್ ಮೆಡಿಕಲ್ ಸ್ಕೂಲು ಅವರನ್ನು ಎರಡು ಸಲ ಬೇಡ ಅಂತು. ಕೊಲಂಬಿಯಾ ತಗೊಂಡಿತು. 1989ರಲ್ಲಿ ಕ್ಯಾನ್ಸರ್ ಜೀನ್‌ಗಳ ಮೇಲಿನ ಕೆಲಸಕ್ಕೆ ವೈದ್ಯಶಾಸ್ತ್ರದ ನೊಬೆಲ್ ಬಂತು, ಆಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಇನ್ನೊಂದು ತಮಾಷೆ ಇದೆ. ಈ ದೇಶದ ಮೆಡಿಕಲ್ ಶಿಕ್ಷಣಕ್ಕೆ ವಿಜ್ಞಾನದ ಬಿಗಿ ಬಂದದ್ದರಲ್ಲಿ 1910ರ ಫ್ಲೆಕ್ಸ್‌ನರ್ ವರದಿಯ ಪಾಲು ದೊಡ್ಡದು. ಅದನ್ನು ಬರೆದ ಅಬ್ರಹಾಂ ಫ್ಲೆಕ್ಸ್‌ನರ್ ಡಾಕ್ಟರೇ ಅಲ್ಲ. ಅವರು ಡಿಗ್ರಿ ಮಾಡಿದ್ದು ಗ್ರೀಕ್, ಲ್ಯಾಟಿನ್ ಓದಿ.

ನ್ಯೂಯಾರ್ಕಿನ ಮೌಂಟ್ ಸಿನಾಯ್ ಮೆಡಿಕಲ್ ಸ್ಕೂಲು 1987ರಲ್ಲಿ ಒಂದು ಪ್ರಯೋಗ ಶುರು ಮಾಡಿತು. ಸಾಹಿತ್ಯ, ಇತಿಹಾಸ ಓದುವ ಮಕ್ಕಳನ್ನು ಆರ್ಗ್ಯಾನಿಕ್ ಕೆಮಿಸ್ಟ್ರಿಯೂ ಇಲ್ಲದೆ, ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯೂ ಇಲ್ಲದೆ ಸೇರಿಸಿಕೊಂಡರು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರು ಒಟ್ಟಿನಲ್ಲಿ ಮಿಕ್ಕವರ ಸಮಸಮಕ್ಕೆ ನಿಂತರು. ಕಡಿಮೆ ಗ್ರೇಡಿನ ಮಕ್ಕಳಿಗೆ ಧೈರ್ಯ ಹೇಳುವವರು ಈ ಕಥೆಯನ್ನು ಎತ್ತುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಅಲ್ಲಿ ಆಯ್ಕೆಯಾದವರೆಲ್ಲ ತಮ್ಮ ವಿಷಯದಲ್ಲಿ ಬಹಳ ಚೆನ್ನಾಗಿ ಓದುತ್ತಿದ್ದವರು. ಸಿ ಮೈನಸ್ ಬಂದ ಮಗುವಿಗೆ ಆ ಕಥೆಯಿಂದ ಏನು ಪ್ರಯೋಜನ?

ಅಮೆರಿಕನ್ ಮೆಡಿಕಲ್ ಕಾಲೇಜುಗಳ ಒಕ್ಕೂಟ ಪ್ರತಿ ವರ್ಷ ಒಂದು ಕೋಷ್ಟಕ ಹಾಕುತ್ತದೆ. ಯಾವ ಮೇಜರಿನವರು ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನ ಸೇರಿದರು ಅಂತ. ಅರ್ಧಕ್ಕಿಂತ ಜಾಸ್ತಿ ಜನ ಜೀವವಿಜ್ಞಾನದವರು. ಆದರೆ ಅರ್ಜಿ ಹಾಕಿದವರಲ್ಲಿ ಸೇರಿದವರ ಪ್ರಮಾಣ ನೋಡಿದರೆ ಸಾಹಿತ್ಯ, ತತ್ವಶಾಸ್ತ್ರ ಓದಿದವರದೇ ಸ್ವಲ್ಪ ಮೇಲೆ. ಅದನ್ನು ನೋಡಿ "ಹಾಗಾದ್ರೆ ಇಂಗ್ಲಿಷ್ ತಗೊಂಡ್ರೆ ಸೀಟು ಬೇಗ ಸಿಗುತ್ತಾ" ಅಂತ ಕೇಳುವವರೂ ಇದ್ದಾರೆ. ಹಾಗಲ್ಲ. ತತ್ವಶಾಸ್ತ್ರ ಓದುತ್ತಾ ಫಿಸಿಕ್ಸನ್ನೂ ಗೆದ್ದು ಅರ್ಜಿ ಹಾಕುವಷ್ಟು ಹಟ ಇರುವವರು ಕಡಿಮೆ ಜನ, ಅವರು ಮೊದಲೇ ಗಟ್ಟಿ ಇರುತ್ತಾರೆ. ಆ ಅಂಕಿ ಹೇಳುವುದು ಆ ಮಕ್ಕಳ ಬಗ್ಗೆ, ಮೇಜರ್ ಬಗ್ಗೆ ಅಲ್ಲ.

ಮೇಜರ್ ಬಗ್ಗೆ ಮೆಡಿಕಲ್ ಸ್ಕೂಲಿನವರು ತಲೆ ಕೆಡಿಸಿಕೊಳ್ಳುವುದಿಲ್ಲ ಅನ್ನುವುದು ಸರಿ. ಆದರೆ ಗ್ರೇಡು ಬಿದ್ದಿರುವ ಮಗುವಿಗೆ ಮೇಜರ್ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಉಳಿದ ಎರಡು ವರ್ಷದಲ್ಲಿ ಎಷ್ಟು ಜಾಗ ಖಾಲಿ ಇರುತ್ತದೆ, ವಿಜ್ಞಾನದ ಕೋರ್ಸುಗಳನ್ನು ಎಷ್ಟು ನಿಧಾನಕ್ಕೆ ತೆಗೆದುಕೊಳ್ಳಬಹುದು ಅನ್ನುವುದು ಮೇಜರಿನಿಂದ ತೀರ್ಮಾನವಾಗುತ್ತದೆ. ಇದನ್ನು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ತೋರಿಸಬೇಕಾಯಿತು.

ಡಿಗ್ರಿಗೆ 120 ಕ್ರೆಡಿಟ್. ಅವಳದು 60 ಮುಗಿದಿದೆ, 2.8ರಲ್ಲಿ. ಉಳಿದ 60ರಲ್ಲಿ ಪ್ರತಿಯೊಂದರಲ್ಲೂ ಎ ಬಂದರೂ ಕೊನೆಗೆ ಆಗುವುದು 3.4. ಅದಕ್ಕಿಂತ ಮೇಲೆ ಹೋಗುವುದೇ ಸಾಧ್ಯವಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದ ಹಾಗೆ ಇದು. ಹಾಕಿದ ಉಪ್ಪನ್ನು ತೆಗೆಯೋಕಾಗಲ್ಲ, ಬೇಳೆಕಟ್ಟು ಸುರಿಯುತ್ತಾ ಹೋಗಬೇಕು.

ಭಾವ ಪೆನ್ಸಿಲ್ ಕಿತ್ತುಕೊಂಡು ತಾವೇ ಇನ್ನೊಂದು ಸಲ ಲೆಕ್ಕ ಹಾಕಿದರು. ಅವರು ಇಂಜಿನಿಯರು, ಅದೇ ಉತ್ತರ ಬಂತು. "ಸಿ ಮೈನಸ್ ಬಂದಿದ್ದನ್ನ ರಿಪೀಟ್ ಮಾಡ್ಲಿ, ಹಳೇದು ಹೋಗುತ್ತಲ್ಲ" ಅಂದರು. ಊರಿನ ಅಭ್ಯಾಸ ನೋಡಿ. ನೀಟ್ ಮತ್ತೆ ಬರೆದರೆ ಹಳೆಯ ಅಂಕವನ್ನು ಯಾರೂ ಕೇಳುವುದಿಲ್ಲ. ಹೊಸ ಅಂಕ, ಹೊಸ ರ‍್ಯಾಂಕು. ಇಲ್ಲಿ ಹಾಗಿಲ್ಲ. ನಿಮ್ಮ ಕಾಲೇಜು ಬೇಕಾದರೆ ಹಳೆಯ ಗ್ರೇಡನ್ನು ಮುಚ್ಚಿಡಬಹುದು. ಆದರೆ ಎಂಡಿ ಕಾಲೇಜುಗಳಿಗೆ (ಇಲ್ಲಿ ಎಂಡಿ ಅಂದರೆ ಊರಿನ ಎಂಬಿಬಿಎಸ್ ಹಾಗೆ ಡಾಕ್ಟರಾಗುವ ಮೊದಲ ಡಿಗ್ರಿ) ಹೆಚ್ಚಿನ ಅರ್ಜಿಗಳು ಹೋಗುವ ಆಮ್ಕಾಸ್ ಅನ್ನುವ ಕೇಂದ್ರ ವ್ಯವಸ್ಥೆ ಎರಡನ್ನೂ ಎಣಿಸುತ್ತದೆ. ಸಿ ಮೈನಸ್ ಅಂದರೆ 1.7. ಮತ್ತೆ ಓದಿ ಎ ತಂದರೆ 4.0. ಎರಡೂ ಸೇರಿ ಸರಾಸರಿ 2.85. ಡಿಓ ಅನ್ನುವ ಇನ್ನೊಂದು ಬಗೆಯ ಡಾಕ್ಟರ್ ಡಿಗ್ರಿ ಕೊಡುವ ಆಸ್ಟಿಯೋಪಥಿಕ್ ಕಾಲೇಜುಗಳು ಮೊದಲು ಹೊಸ ಗ್ರೇಡನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವು. 2017ರಲ್ಲಿ ಅದೂ ನಿಂತಿತು. ಆದರೂ ಸಿ ಮೈನಸ್ಸನ್ನು ಮತ್ತೆ ಓದಲೇಬೇಕು. ಬಹಳಷ್ಟು ಮೆಡಿಕಲ್ ಸ್ಕೂಲುಗಳು ತಮಗೆ ಬೇಕಾದ ಕೋರ್ಸಿನಲ್ಲಿ ಸಿ ಗ್ರೇಡಿಗಿಂತ ಕೆಳಗೆ ಒಪ್ಪುವುದಿಲ್ಲ.

ಆಮ್ಕಾಸ್ ಇನ್ನೊಂದು ಕೆಲಸ ಮಾಡುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕನ್ನು ಬೇರೆ ತೆಗೆದು ವಿಜ್ಞಾನದ ಜಿಪಿಎ ಅಂತ ಇನ್ನೊಂದು ಲೆಕ್ಕ ಹಾಕುತ್ತದೆ. ಸ್ಟ್ಯಾಟಿಸ್ಟಿಕ್ಸ್ ಗಣಿತದ ಲೆಕ್ಕಕ್ಕೆ ಬರುತ್ತದೆ. ಸೈಕಾಲಜಿ, ಸೋಷಿಯಾಲಜಿ, ಪಬ್ಲಿಕ್ ಹೆಲ್ತ್ ಬರುವುದಿಲ್ಲ. ಅವಳ ವಿಜ್ಞಾನದ ಜಿಪಿಎ 32 ಕ್ರೆಡಿಟಿಗೆ 2.4.

ಈಗ ಎರಡು ದಾರಿ. ಬಯಾಲಜಿಯಲ್ಲೇ ಮುಂದುವರಿದರೆ ಇನ್ನೂ 45 ಕ್ರೆಡಿಟಿನಷ್ಟು ವಿಜ್ಞಾನ ಓದಬೇಕು. ಒಂದೊಂದು ಸೆಮಿಸ್ಟರಿನಲ್ಲಿ ಮೂರು ಕಷ್ಟದ ಕೋರ್ಸು, ಎರಡು ಲ್ಯಾಬು. ಈಗಿನ ಹಾಗೆ ಏದುಸಿರು ಬಿಡುತ್ತಾ ಓದಿದರೆ ಸರಾಸರಿ ಬಿ ಬಂದರೆ ಪುಣ್ಯ. ಆಗ ವಿಜ್ಞಾನದ ಜಿಪಿಎ 2.75. ಉಳಿದದ್ದರಲ್ಲಿ 3.8 ಬಂದರೂ ಒಟ್ಟು ಜಿಪಿಎ 3.0. ಸೋಷಿಯಾಲಜಿ ತಗೊಂಡರೆ ಮೇಜರಿಗೆ ಬೇಕಾದ ಕೋರ್ಸು ಕಡಿಮೆ. ವಿಜ್ಞಾನ ಇನ್ನು 24 ಕ್ರೆಡಿಟ್ ಸಾಕು, ಒಂದು ಸಲಕ್ಕೆ ಒಂದು ಅಥವಾ ಎರಡು. ಅದರಲ್ಲಿ 3.7 ತಂದರೆ ವಿಜ್ಞಾನದ ಜಿಪಿಎ 2.96, ಉಳಿದದ್ದರಲ್ಲಿ 3.8 ಬಂದರೆ ಒಟ್ಟು 3.28.

ಎರಡೂ ದೊಡ್ಡ ಅಂಕಿಗಳಲ್ಲ. ಈಚಿನ ವರ್ಷಗಳಲ್ಲಿ ಎಂಡಿ ಕಾಲೇಜಿಗೆ ಸೇರಿದವರ ಸರಾಸರಿ 3.8ರ ಹತ್ತಿರ. ಎಂಕ್ಯಾಟ್ 528ಕ್ಕೆ 511, 512ರ ಆಸುಪಾಸು. ಡಿಓ ಕಾಲೇಜುಗಳದು ಸುಮಾರು 3.6 ಮತ್ತು 504. ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಜನ ಎಂಡಿಗೆ ಅರ್ಜಿ ಹಾಕುತ್ತಾರೆ, ಸುಮಾರು 23 ಸಾವಿರ ಜನ ಸೇರುತ್ತಾರೆ. ಇದನ್ನೆಲ್ಲ ಮಕ್ಕಳಿಗೆ ಮುಚ್ಚಿಟ್ಟು "ಮನಸ್ಸು ಮಾಡಿದ್ರೆ ಆಗುತ್ತೆ ಕಂದ" ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ. ಆದರೆ 2.75 ಇಟ್ಟುಕೊಂಡು ಬಡಿಯುವ ಬಾಗಿಲೂ 2.96 ಜೊತೆಗೆ ಕೊನೆಯ ಎರಡು ವರ್ಷ ಮೇಲಕ್ಕೇ ಏರಿದ ಗ್ರೇಡು ಇಟ್ಟುಕೊಂಡು ಬಡಿಯುವ ಬಾಗಿಲೂ ಒಂದೇ ಅಲ್ಲ. ಆಯ್ಕೆ ಮಾಡುವವರು ಸರಾಸರಿಯನ್ನೂ ನೋಡುತ್ತಾರೆ, ಏರಿಕೆಯನ್ನೂ ನೋಡುತ್ತಾರೆ.

ಇಷ್ಟಾದರೂ ನಾನು ಸೋಷಿಯಾಲಜಿಗೆ ತಕ್ಷಣ ಹೂಂ ಅನ್ನಲಿಲ್ಲ. ಇಪ್ಪತ್ತರ ಮಕ್ಕಳು ಮೇಜರ್ ಬದಲಿಸುವುದು ಬಹಳ ಸಲ ತಪ್ಪಿಸಿಕೊಳ್ಳೋಕೆ. ಕೆಮಿಸ್ಟ್ರಿ ಕಷ್ಟ ಆಯ್ತು, ಹಾಗಾಗಿ ಬೇರೆ. ಆದರೆ ಡಾಕ್ಟರಾಗುವ ಆಸೆ ಹಾಗೇ ಇದ್ದರೆ ಕೆಮಿಸ್ಟ್ರಿ ಎಲ್ಲಿಗೂ ಹೋಗುವುದಿಲ್ಲ. ಸೋಷಿಯಾಲಜಿ ತಗೊಂಡರೂ ಬಯೋಕೆಮಿಸ್ಟ್ರಿ ಬಾಗಿಲಲ್ಲೇ ಕೂತಿರುತ್ತದೆ. ಗ್ರೇಡು ಯಾಕೆ ಬಿತ್ತು ಅಂತ ಗೊತ್ತಾಗದೆ ಮೇಜರ್ ಬದಲಿಸಿದರೆ ಮುಂದಿನ ಸಿ ಬೇರೆ ಹೆಸರಿನಲ್ಲಿ ಬರುತ್ತದೆ.

ಅವಳಿಗೆ ಯಾಕೆ ಬಿತ್ತು? ಅಕ್ಕನ ಪ್ರಕಾರ ಫೋನಿನಿಂದ. ಭಾವನ ಪ್ರಕಾರ ರೂಮ್‌ಮೇಟಿನಿಂದ. ನಾನು ಅವಳನ್ನು ಕೂರಿಸಿಕೊಂಡು, ಆರ್ಗ್ಯಾನಿಕ್ ಹೇಗೆ ಓದ್ತೀಯಾ ತೋರಿಸು ಅಂದೆ. ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ತೆಗೆದಳು. ಒಂದು ಬದಿ ರಿಯಾಕ್ಷನ್, ಇನ್ನೊಂದು ಬದಿ ಉತ್ತರ. ಹಳದಿ, ಗುಲಾಬಿ, ಹಸಿರು ಹೈಲೈಟರ್. ಅಕ್ಷರ ಮುತ್ತಿನ ಹಾಗೆ. ಎಷ್ಟು ರಾತ್ರಿ ಕೂತು ಬರೆದಿದ್ದಾಳೋ.

ಖಾಲಿ ಹಾಳೆ ಕೊಟ್ಟೆ. ಬ್ರೋಮೋಮೀಥೇನ್‌ಗೆ ಹೈಡ್ರಾಕ್ಸೈಡ್ ಹಾಕಿದರೆ ಏನಾಗುತ್ತೆ? ಆರ್ಗ್ಯಾನಿಕ್ಕಿನಲ್ಲಿ ಮೊದಮೊದಲು ಕಲಿಸುವ ರಿಯಾಕ್ಷನ್ ಇದು. ಅವಳು ಪಟಪಟ ಹೇಳಿದಳು: ಎಸ್ಎನ್2, ಹಿಂದಿನಿಂದ ಬಂದು ತಾಗುತ್ತೆ, ಮೆಥನಾಲ್ ಆಗುತ್ತೆ. ಎಲ್ಲ ಸರಿ. ಬಾಣ ಹಾಕಿ ತೋರಿಸು ಅಂದೆ. ಕಾರ್ಬನ್ನಿನಿಂದ ಶುರು ಮಾಡಿ ಹೈಡ್ರಾಕ್ಸೈಡಿನ ಕಡೆಗೆ ಬಾಣ ಎಳೆದಳು. ಅದು ತಿರುಗುಮುರುಗು. ಆ ಬಾಣ ಎಲೆಕ್ಟ್ರಾನುಗಳು ಹೋಗುವ ದಾರಿ. ಎಲೆಕ್ಟ್ರಾನ್ ಜೋಡಿ ಇರುವುದು ಆಕ್ಸಿಜನ್ ಹತ್ತಿರ. ಬಾಣ ಅಲ್ಲಿಂದ ಹೊರಟು ಕಾರ್ಬನ್ನಿಗೆ ಬರಬೇಕು, ಆಗ ಕಾರ್ಬನ್ ಬ್ರೋಮಿನ್ ಕೈ ಬಿಡುತ್ತದೆ. ಯಾಕೆ ಆಕ್ಸಿಜನ್ನಿನಿಂದ ಅಂತ ಕೇಳಿದೆ. "ಕಾರ್ಡಲ್ಲಿ ಇಲ್ಲ ಚಿಕ್ಕಮ್ಮ" ಅಂದಳು.

ಫೋನೂ ಅಲ್ಲ, ರೂಮ್‌ಮೇಟೂ ಅಲ್ಲ. ಹೈಸ್ಕೂಲಿನಲ್ಲಿ ಹೀಗೇ ಬಾಯಿಪಾಠ ಮಾಡಿ ಎ ಮೇಲೆ ಎ ತಂದವಳು. ಅದೇ ಅಭ್ಯಾಸ ಇಲ್ಲಿಗೂ ತಂದಿದ್ದಾಳೆ. ಮುನ್ನೂರು ಜನರ ಕ್ಲಾಸಿನಲ್ಲಿ ಪ್ರೊಫೆಸರ್ ಹತ್ತಿರ ಹೋಗೋಕೆ ಸಂಕೋಚ. ಹೋದರೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತಲ್ಲ! ನನ್ನ ಲ್ಯಾಬಿಗೆ ಬರುವ ನಮ್ಮ ದೇಶದ ಮಕ್ಕಳಲ್ಲಿ ಈ ಸಂಕೋಚ ನಾನು ಎಷ್ಟು ನೋಡಿದ್ದೇನೋ. ಆಫೀಸ್ ಅವರ್ಸ್ ಅಂತ ಪ್ರೊಫೆಸರು ವಿದ್ಯಾರ್ಥಿಗಳಿಗೆ ಹೊತ್ತು ಇಟ್ಟಿರುವುದೇ "ಗೊತ್ತಿಲ್ಲ" ಅನ್ನುವುದಕ್ಕೆ. ಗೊತ್ತಿರುವವರು ಅಲ್ಲಿಗೆ ಯಾಕೆ ಬರುತ್ತಾರೆ?

ಕಾರಣ ಇದಾಗಿದ್ದರಿಂದ ಉಪಾಯವೂ ಸಿಕ್ಕಿತು. ಅವಳಿಗೆ ಬೇಕಿರುವುದು ಒಂದೊಂದು ಕೋರ್ಸಿಗೂ ದುಪ್ಪಟ್ಟು ಹೊತ್ತು. ಬಯಾಲಜಿ ಮೇಜರಿನಲ್ಲಿ ಆ ಹೊತ್ತು ಸಿಗುವುದಿಲ್ಲ. ಸೋಷಿಯಾಲಜಿಯಲ್ಲಿ ಸಿಗುತ್ತದೆ. ಕಾರಣ ಬೇರೆ ಇದ್ದಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆ. ವಾರಕ್ಕೆ 25 ಗಂಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಬಯಾಲಜಿ ಓದಿ ಬಿ ತರುವ ಹುಡುಗನಿಗೆ ಮೇಜರ್ ಬದಲಿಸು ಅನ್ನುವುದು ಅನ್ಯಾಯ. ಅವನು ಬಿಡಬೇಕಾದದ್ದು ಕೆಲಸ, ಇಲ್ಲವೇ ಡಿಗ್ರಿಯನ್ನು ಐದು ವರ್ಷಕ್ಕೆ ಎಳೆಯಬೇಕು.

ಸೋಷಿಯಾಲಜಿಗೆ ಇನ್ನೊಂದು ಲಾಭ ಇದೆ, ಅದು ಭಾವನಿಗೆ ಹಿಡಿಸಿತು. 2015ರಲ್ಲಿ ಎಂಕ್ಯಾಟ್ ಬದಲಾಯಿತು. ಅದರ ನಾಲ್ಕು ಭಾಗಗಳಲ್ಲಿ ಒಂದು ಸೈಕಾಲಜಿ ಮತ್ತು ಸೋಷಿಯಾಲಜಿಗೇ ಸೇರಿದ್ದು. ಇನ್ನೊಂದರಲ್ಲಿ ವಿಜ್ಞಾನವೇ ಇಲ್ಲ, ಬರೀ ಓದಿ ಅರ್ಥ ಮಾಡಿಕೊಳ್ಳುವುದು. ಒಂದೊಂದಕ್ಕೂ 132 ಅಂಕ, ನಾಲ್ಕೂ ಸಮ. ಅಂದರೆ ಹೆಚ್ಚುಕಮ್ಮಿ ಅರ್ಧ ಪರೀಕ್ಷೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸಿನ ಹೊರಗಿನದು.

ಹೆಸರು ಕೇಳಿದರೆ ಆರೋಗ್ಯದ್ದು ಅನ್ನಿಸುವ ಮೇಜರುಗಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹೆಲ್ತ್ ಸೈನ್ಸ್, ನ್ಯೂಟ್ರಿಷನ್, ದೇಹದ ಚಲನೆಯ ಬಗ್ಗೆ ಓದುವ ಕಿನೀಸಿಯಾಲಜಿ. ಒಳ್ಳೆಯ ವಿಷಯಗಳೇ. ಆ ಕೆಲಸಗಳೇ ಬೇಕು ಅನ್ನುವವರು ಖಂಡಿತ ಓದಲಿ. ಆದರೆ ಹೆಸರು ಆಸ್ಪತ್ರೆಯ ಹಾಗೆ ಕೇಳುತ್ತದೆ, ಮೆಡಿಕಲ್‌ಗೆ ಹತ್ತಿರ ಇರಬೇಕು ಅಂತ ಅಪ್ಪ ಅಮ್ಮಂದಿರು ಅದರ ಮೇಲೆ ಬೀಳುತ್ತಾರೆ. ಮೆಡಿಕಲ್ ಸ್ಕೂಲಿನವರು ಆ ಹೆಸರಿಗೆ ಒಂದು ಅಂಕವನ್ನೂ ಜಾಸ್ತಿ ಕೊಡುವುದಿಲ್ಲ.

ಈ ಲೆಕ್ಕ ಪೂರ್ತಿ ತಲೆಕೆಳಗಾಗುವ ಮನೆಗಳೂ ಇವೆ. ಅಕ್ಕನ ಮನೆಯವರಿಗೆ ಗ್ರೀನ್ ಕಾರ್ಡ್ ಬಂದಿದೆ. ಬಹಳಷ್ಟು ಕನ್ನಡದ ಮನೆಗಳಿಗೆ ಬಂದಿಲ್ಲ. ಅಪ್ಪ ಅಥವಾ ಅಮ್ಮ ಕೆಲಸದ ವೀಸಾ ಎಚ್-1ಬಿಯಲ್ಲಿ, ಮಕ್ಕಳು ಅವರ ಆಸರೆಯ ವೀಸಾ ಎಚ್-4ರಲ್ಲಿ, ಗ್ರೀನ್ ಕಾರ್ಡಿನ ಸಾಲು ವರ್ಷಗಟ್ಟಲೆ. ಮಗುವಿಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಎರಡು ವರ್ಷದ ಮಗುವಾಗಿದ್ದಾಗಲೇ ಬಂದು ಇಲ್ಲೇ ಬೆಳೆದಿದ್ದರೂ ಅವನು ಆಮೇಲೆ ವಿದೇಶಿ ವಿದ್ಯಾರ್ಥಿ. ಅದು ಸರಿಯಾಗಿ ಕಾಲೇಜಿನ ಮೂರನೇ ವರ್ಷ ಬರುವ ಹೊತ್ತು. ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲುಗಳು ಕಡಿಮೆ. ತೆಗೆದುಕೊಂಡರೂ ಸರ್ಕಾರದ ಸಾಲ ಸಿಗುವುದಿಲ್ಲ. ಕೆಲವು ಕಡೆ ವರ್ಷಗಳ ಫೀಸಿನ ದುಡ್ಡು ಮೊದಲೇ ತೋರಿಸಬೇಕು.

ಅಂಥ ಮಗುವಿನ ಗ್ರೇಡು ಕೂಡ ಕಡಿಮೆ ಇದ್ದರೆ ನಾನು ಸೋಷಿಯಾಲಜಿ ಅಂತ ಬಾಯಿಬಿಟ್ಟು ಹೇಳಲಾರೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಡಿಗ್ರಿ ಮುಗಿಸಿದವರಿಗೆ ಕೆಲಸ ಮಾಡೋಕೆ 12 ತಿಂಗಳು ಅವಕಾಶ. ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿರುವ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತದ) ವಿಷಯವಾದರೆ ಇನ್ನೂ 24 ತಿಂಗಳು. ಸ್ಟ್ಯಾಟಿಸ್ಟಿಕ್ಸ್ ಪಟ್ಟಿಯಲ್ಲಿದೆ, ಬಯಾಲಜಿ ಇದೆ. ಸಾಮಾನ್ಯ ಸೋಷಿಯಾಲಜಿ ಇಲ್ಲ. ಒಂದು ವರ್ಷ ಮತ್ತು ಮೂರು ವರ್ಷದ ನಡುವಿನ ವ್ಯತ್ಯಾಸ ಇದು. ಮೆಡಿಕಲ್ ಸ್ಕೂಲು ಮೇಜರ್ ನೋಡದಿದ್ದರೂ ಇಮಿಗ್ರೇಷನ್ನಿನವರು ನೋಡುತ್ತಾರೆ. ಕಾಲೇಜಿನ ಸಲಹೆಗಾರರಲ್ಲಿ ಈ ಮಾತು ಎತ್ತುವವರು ಕಡಿಮೆ, ಅವರು ಇಲ್ಲೇ ಹುಟ್ಟಿದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ.

"ಊರಿಗೆ ಕಳಿಸಿ ಎನ್ಆರ್‌ಐ ಸೀಟು ಕೊಡಿಸಿಬಿಡೋಣ" ಅನ್ನುವ ಮಾತೂ ನಮ್ಮ ಮನೆಗಳಲ್ಲಿ ಬರದೇ ಇರುವುದಿಲ್ಲ. ಭಾವನೂ ಎತ್ತಿದರು. ಅದಕ್ಕೂ ನೀಟ್ ಬರೆಯಲೇಬೇಕು. ಐದೂವರೆ ವರ್ಷ ಎಂಬಿಬಿಎಸ್ ಆದ ಮೇಲೆ ಇಲ್ಲಿಗೆ ಬರಬೇಕಾದರೆ ಯುಎಸ್ಎಂಎಲ್ಇ ಅನ್ನುವ ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಬರೆದು ರೆಸಿಡೆನ್ಸಿಗೆ ವಿದೇಶದಲ್ಲಿ ಓದಿದವರ ಸಾಲಿನಲ್ಲಿ ನಿಲ್ಲಬೇಕು. ಅವಳು ನನ್ನ ಮುಖ ನೋಡಿದಳು. ಆ ಮಾತು ಅಲ್ಲಿಗೇ ನಿಂತಿತು.

ಅಕ್ಕನ ಚಿಂತೆ ಬೇರೆ. "ಸೋಷಿಯಾಲಜಿ ಅಂದ್ರೆ ಅತ್ತೆಗೆ ಏನಂತ ಹೇಳೋದೇ?" ಅಂದಳು. ದಾವಣಗೆರೆಯಲ್ಲಿರುವ ಅವಳ ಅತ್ತೆಯ ಪ್ರಕಾರ ಸೈನ್ಸ್ ಸಿಗದವರು ಕಾಮರ್ಸಿಗೆ ಹೋಗುತ್ತಾರೆ, ಅದೂ ಸಿಗದವರು ಆರ್ಟ್ಸಿಗೆ. ಈ ಮೆಟ್ಟಿಲು ನಮ್ಮೆಲ್ಲರ ತಲೆಯಲ್ಲೂ ಇದೆ, ಸುಮ್ನೆ ಇಲ್ಲ ಅನ್ನಬಾರದು. ಪಿಯುಸಿಯಲ್ಲಿ ಪಿಸಿಎಂಬಿ ಬಿಟ್ಟರೆ ಮೆಡಿಕಲ್ ಬಾಗಿಲು ಮುಚ್ಚಿತು ಅಂತಲೇ ನಾವು ಬೆಳೆದದ್ದು. ಇಲ್ಲಿ ಬಾಗಿಲು ಹಾಗೆ ಮುಚ್ಚುವುದಿಲ್ಲ ಅನ್ನುವುದನ್ನು ಬುದ್ಧಿ ಒಪ್ಪುತ್ತದೆ, ಹೊಟ್ಟೆಯೊಳಗಿನ ಹೆದರಿಕೆ ಒಪ್ಪುವುದಿಲ್ಲ.

ಗ್ಯಾಪ್ ಇಯರ್, ಅಂದರೆ ಡಿಗ್ರಿ ಮತ್ತು ಮೆಡಿಕಲ್ ನಡುವೆ ಒಂದು ವರ್ಷ ಬಿಡುವುದು, ಆ ವಿಷಯದಲ್ಲೂ ಅದೇ ಹೆದರಿಕೆ. ಆಮ್ಕಾಸ್ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ. ಸೀಟು ಸಿಕ್ಕರೆ ಸೇರುವುದು ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ. ಡಿಗ್ರಿ ಮುಗಿದ ಕೂಡಲೇ ಸೇರಬೇಕು ಅಂದರೆ ಮೂರನೇ ವರ್ಷ ಮುಗಿದಾಗಲೇ ಅರ್ಜಿ ಹಾಕಬೇಕು. ಆಗ ನಾಲ್ಕನೇ ವರ್ಷದ ಗ್ರೇಡು ಅರ್ಜಿಯ ಲೆಕ್ಕದಲ್ಲೇ ಇರುವುದಿಲ್ಲ. ಕಡಿಮೆ ಗ್ರೇಡಿನಿಂದ ಏರುತ್ತಿರುವ ಮಗುವಿನ ಅತ್ಯಂತ ಒಳ್ಳೆಯ ವರ್ಷ ಅದೇ ಅಲ್ವಾ? ಅದನ್ನು ಬಿಟ್ಟು ಅರ್ಜಿ ಹಾಕುವುದು ದಡ್ಡತನ. ಒಂದು ವರ್ಷ ತಡೆದರೆ ನಾಲ್ಕೂ ವರ್ಷದ ಗ್ರೇಡು ಹೋಗುತ್ತದೆ. ಈಗ ಮೆಡಿಕಲ್ ಸ್ಕೂಲಿಗೆ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕನಿಷ್ಠ ಒಂದು ವರ್ಷವಾದರೂ ತಡೆದೇ ಬರುತ್ತಾರೆ. ಊರಲ್ಲಿ ನೀಟ್‌ಗೆ ಲಾಂಗ್ ಟರ್ಮ್ ಅಂತ ಒಂದಲ್ಲ ಎರಡು ವರ್ಷ ಮನೆಯಲ್ಲಿ ಕೂರಿಸುವ ನಾವು ಇಲ್ಲಿ ಗ್ಯಾಪ್ ಅಂದರೆ ಗಾಬರಿಯಾಗುತ್ತೇವೆ.

ಆ ವರ್ಷ ಕೆಲಸ ಮಾಡಬೇಕು. ಮೇಜರ್ ಅಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಸೋಷಿಯಾಲಜಿ ಜೊತೆ ಸ್ಟ್ಯಾಟಿಸ್ಟಿಕ್ಸ್ ಮೈನರ್, ಅಂದರೆ ಎರಡನೇ ಸಣ್ಣ ವಿಷಯವಾಗಿ ಇದ್ದರೆ ಆಸ್ಪತ್ರೆಯ ಸಂಶೋಧನಾ ವಿಭಾಗಗಳಲ್ಲಿ ರೋಗಿಗಳನ್ನು ಮಾತಾಡಿಸಿ ದಾಖಲೆ ಇಡುವ ಕೆಲಸಕ್ಕೆ ಪ್ರಯತ್ನಿಸಬಹುದು. ಡಾಕ್ಟರ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಟೈಪ್ ಮಾಡುವ ಸ್ಕ್ರೈಬ್ ಕೆಲಸ ಇದೆ, ಅದಕ್ಕೆ ಯಾವ ಮೇಜರ್ ಆದರೂ ಸರಿ. ಸಂಬಳ ಕಡಿಮೆ. ಆದರೆ ಡಾಕ್ಟರ ದಿನ ನಿಜವಾಗಿ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆ ಕೆಲಸ ಮಾಡಿದ ಮೇಲೆ ಮೆಡಿಕಲ್ ಬೇಡ ಅಂದರು. ಅವರೇನೂ ಸೋತ ಮುಖ ಮಾಡಿಕೊಂಡಿರಲಿಲ್ಲ. ಇನ್ನು ಡಿಗ್ರಿ ಆದ ಮೇಲೆ ವಿಜ್ಞಾನ ಓದಿ ತೋರಿಸುವ ಪೋಸ್ಟ್‌ಬ್ಯಾಕ್, ವಿಶೇಷ ಮಾಸ್ಟರ್ಸ್ ಅಂತ ದಾರಿಗಳಿವೆ. ಎರಡೂ ದುಬಾರಿ. ಮಾಸ್ಟರ್ಸ್ ಗ್ರೇಡು ಹಳೆಯ ಜಿಪಿಎಗೆ ಸೇರುವುದೂ ಇಲ್ಲ, ಪಕ್ಕದಲ್ಲಿ ಬೇರೆ ನಿಲ್ಲುತ್ತದೆ. ಅದರ ಮಾತು ಆಗ ನೋಡಿಕೊಳ್ಳೋಣ ಅಂದೆ.

ಡಿಓ ಅಂದರೆ ಎರಡನೇ ದರ್ಜೆ ಅಲ್ವಾ ಅಂತ ಭಾವನ ಕೊನೆಯ ಪ್ರಶ್ನೆ. ಅಲ್ಲ. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. 2020ರಿಂದ ಎಂಡಿಗಳೂ ಡಿಓಗಳೂ ರೆಸಿಡೆನ್ಸಿಗೆ ಒಂದೇ ಪದ್ಧತಿಯ ಕೆಳಗೆ ಸೇರುತ್ತಾರೆ. ಅವರ ಫ್ಯಾಮಿಲಿ ಡಾಕ್ಟರ ಹೆಸರಿನ ಮುಂದೆ ಏನಿದೆ ನೋಡಿ ಅಂದೆ. ಫೋನ್ ತೆಗೆದು ನೋಡಿದರು. ಡಿಓ ಅಂತಿತ್ತು. ಎಷ್ಟೋ ವರ್ಷದಿಂದ ಅವರ ಹತ್ತಿರವೇ ಬಿಪಿ ತೋರಿಸುತ್ತಿದ್ದಾರೆ.

ಮೇಜರ್ ಫಾರಂ ಕಳಿಸಿಯಾಗಿದೆ. ಸೋಷಿಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಮೈನರ್. ಮುಂದಿನ ಸೆಮಿಸ್ಟರಿನಲ್ಲಿ ವಿಜ್ಞಾನ ಒಂದೇ, ಸಿ ಮೈನಸ್ ಬಂದ ಅದೇ ಕೆಮಿಸ್ಟ್ರಿ. ಅದರ ಮುಂದಿನದರಲ್ಲಿ ಆರ್ಗ್ಯಾನಿಕ್ ಎರಡನೇ ಭಾಗ. ಕೈ ಮೀರುತ್ತಿದೆ ಅನ್ನಿಸಿದರೆ ಗಡುವಿನೊಳಗೆ ಡಬ್ಲ್ಯೂ, ಅಂದರೆ ಕೋರ್ಸು ಕೈಬಿಟ್ಟ ಗುರುತು ತಗೊಂಡು ಹೊರಗೆ ಬರಬೇಕು, ಡಬ್ಲ್ಯೂ ಜಿಪಿಎಗೆ ಸೇರುವುದಿಲ್ಲ. ಕಾರ್ಡಿನ ಕಟ್ಟು ನಿಷೇಧ, ಖಾಲಿ ಹಾಳೆ ಮಾತ್ರ. ಪ್ರತಿ ವಾರ ಆಫೀಸ್ ಅವರ್ಸ್.

ಒಂದು ಕರಾರೂ ಆಗಿದೆ. ಈ ಎರಡು ಕೋರ್ಸಿನಲ್ಲಿ ಬಿ ಪ್ಲಸ್ ದಾಟದಿದ್ದರೆ ಮೆಡಿಕಲ್ ಬಿಡುವ ಮಾತು ಶುರುವಾಗುತ್ತದೆ. ಆದರೆ ಅದನ್ನು ಎತ್ತಬೇಕಾದವಳು ಅವಳು, ಮನೆಯಲ್ಲಿ ಬೇರೆ ಯಾರೂ ಎತ್ತುವಂತಿಲ್ಲ. ಅಕ್ಕ ಒಪ್ಪಿದ್ದಾಳೆ. ಭಾವ ಬಿ ಪ್ಲಸ್ ಸಾಲದು, ಎ ಮೈನಸ್ ಅಂತ ಬರೆಯಿರಿ ಅಂತ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.